ಶಿಫ್ಟು, ಪೆರೇಡು, ಮಗಳು

ಬ್ಲಫ್, 12 ಮೇ 1942, ಮಂಗಳವಾರ

ಬ್ಲಫ್ ಪವರ್ ಹೌಸಿನ ರಾತ್ರಿ ಶಿಫ್ಟು ಮುಗಿಸಿ ನೇರ ಪೆರೇಡಿಗೆ. ಕಿವಿಯಲ್ಲಿ ಇನ್ನೂ ಟರ್ಬೈನಿನ ಗುಂಯ್... 'ರೈಟ್ ಟರ್ನ್' ಅಂದದ್ದು ಕೇಳಿಸದೆ ಎಡಕ್ಕೆ ತಿರುಗಿದೆ. ಪಕ್ಕದಲ್ಲಿದ್ದ, ನನ್ನ ಜೊತೆ ಒಂದೇ ಮನೆಯಲ್ಲಿರುವ ಹೊನ್ನಯ್ಯನ ಮೂಗಿಗೆ ನನ್ನ ಮೂಗು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ನಿದ್ದೆ ಸ್ವಿಚ್ ಬೋರ್ಡ್ ಮುಂದೆ ಮಾಡ್ಲಾ, ನನ್ ಮುಂದೆ ಬ್ಯಾಡ!" ಸುಬೇದಾರರ ಗುಡುಗು. ಅಲ್ಲಿ ನಾನು ನಿದ್ದೆ ಮಾಡಿದರೆ ಕೋಲಾರದ ಗಣಿಗೆಲ್ಲ ಕತ್ತಲೆ ಎಂದು ಹೇಳುವ ಧೈರ್ಯ ಬರಲಿಲ್ಲ. ಮರದ ಬಂದೂಕು ತಲೆಯ ಮೇಲೆತ್ತಿಕೊಂಡು ಮೈದಾನ ಸುತ್ತಿದೆವು.

ಸುಬೇದಾರ್ ಕರಿಸಿದ್ದಯ್ಯನವರು ನಿಡಘಟ್ಟದವರು. ಹಿಂದಿನ ಯುದ್ಧಕ್ಕೆ ಹೋಗಿ ಬಂದವರು. ಪವರ್ ಹೌಸಿನ ನೌಕರರನ್ನೇ ಸೇರಿಸಿ ರಿಸರ್ವ್ ಪಡೆ ಕಟ್ಟಿ ಅವರ ಕೈಗೆ ಕೊಟ್ಟಿದ್ದಾರೆ. ಜಪಾನಿನವರು ಬಂದರೆ ಇಲ್ಲಿ ಕಾವಲು ನಿಲ್ಲಬೇಕಾದವರು ನಾವೇ.

17 ಮೇ, ಭಾನುವಾರ

ಮಗಳು!

ಪೆರೇಡು ನಡೆದಿತ್ತು. ಶಿವನಂಜಿ ಹೆರಿಗೆಗೆ ಹೋಗಿರುವ ಮಳವಳ್ಳಿಯಿಂದ ಭಾವಮೈದ ನಾಗಯ್ಯ ಸೈಕಲ್ ತುಳಿದುಕೊಂಡು ಬಂದು ಮೈದಾನದ ಅಂಚಿನಿಂದಲೇ ಕೂಗಿದ. "ಭಾವಾ, ಎಣ್ಣು ಮಗ ಕಣ್ ಭಾವಾ! ಇಬ್ರೂ ಸಂದಾಗವ್ರೆ!"

ಅಟೆನ್ಷನ್‌ನಲ್ಲಿ ನಿಂತಿದ್ದೆ. ಕೈಕಾಲು ಅಲ್ಲಾಡಿಸಲಿಲ್ಲ. ಬಾಯಿ ಮಾತ್ರ ಕಿವಿಯವರೆಗೆ ಹಿಗ್ಗಿತ್ತು.

ಮಗು ಯಾರ ಹಾಗಿದೆ ಎಂದು ಕೇಳಿದರೆ "ಕೂದ್ಲು ಬಾಳ ಐತೆ" ಅಂತಾನೆ. ಸದ್ಯಕ್ಕೆ ಗೊತ್ತಿರುವುದು ಅಷ್ಟೇ.

18 ಮೇ

ರಜಾ ಇಲ್ಲ. ಯುದ್ಧಕಾಲ, ಜನ ಕಡಿಮೆ, ಭಾನುವಾರವೊಂದೇ ಬಿಡುವು ಅಂದರು ಎಂಜಿನಿಯರ್ ಸಾಹೇಬರು. ಭಾನುವಾರ ಇಡೀ ದಿನ ಪೆರೇಡು. ಸುಬೇದಾರರನ್ನು ಕೇಳಿದೆ.

"ಭಾನುವಾರಾನೂ ಬುಟ್ರೆ ನೀವು ನಂಗೆ ಇಡೀ ದಿನ ಸಿಗದು ಯಾವಾಗ್ಲಾ?"

ಇಬ್ಬರೂ ಹೇಳುವುದು ಸರಿಯೇ. ನಡುವೆ ನಾನು.

4 ಜೂನ್

ಬರೆಯಲು ಮನಸ್ಸೇ ಇರಲಿಲ್ಲ. ನಾಗಯ್ಯ ಮತ್ತೆ ಬಂದಿದ್ದ. ಹದಿನಾಲ್ಕಕ್ಕೆ ಹೆಸರಿಡುತ್ತಾರಂತೆ. "ಅಪ್ಪ ಅನ್ನೋರು ಬರದೆ ಇದ್ರೆ ನಾನು ಉಣ್ಣಕಿಲ್ಲ ಅಂತ ಕುಂತವ್ಳೆ ಅಕ್ಕ" ಅಂದ. ಶಿವನಂಜಿಯ ಹಟ ನನಗೆ ಗೊತ್ತು. ಉಣ್ಣದಿದ್ದರೆ ಮಗುವಿಗೆ ಹಾಲು?

ಹದಿನಾಲ್ಕು ಭಾನುವಾರ.

11 ಜೂನ್

ಸಾಹೇಬರೇ ದಾರಿ ತೋರಿಸಿದರು. ರಿಸರ್ವಿಗೆ ರಾಜೀನಾಮೆ ಕೊಟ್ಟುಬಿಡು, ಭಾನುವಾರ ನಿನ್ನದೇ. ಎಷ್ಟು ಸುಲಭ! ಮನೆಗೆ ಬಂದು ಕಾಗದ ತೆಗೆದೆ. ನಾಲ್ಕು ಸಾಲು ಬರೆದೂ ಆಯಿತು.

ಹೊನ್ನಯ್ಯ ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ. ತನ್ನದು ಮುಗಿಸಿ ನನ್ನದನ್ನೂ ಎಳೆದುಕೊಂಡ. ನಾಳೆ ಬಾಂಬು ಬಿದ್ದರೆ ಇವನು ಗೇಟಿನಲ್ಲಿ ನಿಂತಿರುತ್ತಾನೆ. ನಾನು?

ಹರಿದು ಹಾಕಿದೆ. ಅವನು ನೋಡಿದ, ಮತ್ತೆ ಬೂಟು ತಿಕ್ಕತೊಡಗಿದ. ಶಿವನಂಜಿಗೆ ಏನು ಹೇಳಿಕಳಿಸಲಿ...

13 ಜೂನ್, ಸಂಜೆ

ಹೊನ್ನಯ್ಯ ಸುಬೇದಾರರ ಮುಂದೆ ಎಲ್ಲ ಒದರಿದ್ದಾನೆ. ನಾಮಕರಣ, ಹರಿದ ಕಾಗದ, ಎಲ್ಲ. ಕರೆಸಿದರು. ಸೆಲ್ಯೂಟ್ ಹೊಡೆದು ನಿಂತೆ.

"ರಜಾ ಕೊಡಕ್ಕಾಗಕಿಲ್ಲ."

"ಸರಿ ಸಾರ್."

"ನಾಳೆ ಮೈದಾನದಲ್ಲಿ ಪೆರೇಡಿಲ್ಲ. ರೂಟ್ ಮಾರ್ಚು. ಯಾವೂರಿಗೆ ನಡುಸ್ಬೇಕು ಅನ್ನದು ನನ್ನಿಸ್ಟ." ಮೀಸೆ ತಿರುವಿ, "ಮಳವಳ್ಳೀಲಿ ನಿಮ್ಮತ್ತೆ ಮನೆ ಯಾವ ಬೀದೀಲಾ?"

ಬೀದಿ ಹೇಳಿ ಇನ್ನೊಂದು ಸೆಲ್ಯೂಟ್ ಹೊಡೆದೆ. ಹೊರಗೆ ಬಂದವನೇ ಹೊನ್ನಯ್ಯನನ್ನು ಎತ್ತಿ ಗಿರ್ರನೆ ತಿರುಗಿಸಿದೆ. "ಬುಡ್ಲಾ, ಬಿದ್ದೋಯ್ತೀನಿ ಕಣ್ಲಾ!" ಬಿಡಲಿಲ್ಲ.

14 ಜೂನ್, ಮಳವಳ್ಳಿ, ಮಧ್ಯಾಹ್ನ

ಕೋಳಿ ಕೂಗುವ ಮುಂಚೆ ಹೊರಟೆವು. ಹಿಮ್ಮಡಿಯಲ್ಲಿ ಬೊಬ್ಬೆ. ಇರಲಿ.

ನಮ್ಮ ಬೂಟಿನ ಸದ್ದಿಗೆ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರು. ಅತ್ತೆ ಪುಟ್ಟಮಾದಮ್ಮ ಮಾತ್ರ ಒನಕೆ ಹಿಡಿದು ಹೊಸಿಲಲ್ಲಿ ನಿಂತರು. "ಬಾಣಂತಿ ಮನೆ ಕಣ್ರಪ್ಪ ಇದು! ಯಾರು ನೀವು?"

"ನಾನು ಕಣತ್ತೆ!" ಸಾಲಿನೊಳಗಿಂದ ಕೂಗಿದೆ.

"ಅಯ್ಯೋ ಅಳಿಮಯ್ಯ! ಪಟಾಲಂನೇ ಕರ್ಕೊಂಡ್ ಬಂದಿದ್ದೀರಲ್ಲ, ಇಷ್ಟು ಜನಕ್ಕೆ ಏನ್ ಇಕ್ಲಿ?"

ಬಾಗಿಲುಗಳು ತೆರೆದವು. ಒಂದು ಮನೆಯಿಂದ ಮುದ್ದೆ, ಇನ್ನೊಂದರಿಂದ ಹುರುಳಿ ಸಾರು, ಯಾರದೋ ಮನೆಯಿಂದ ತಪ್ಪಲೆ ತುಂಬ ಪಾಯಸ. ಜಗಲಿ ಸಾಲದೆ ಅರ್ಧ ಪಡೆ ಬೀದಿಯಲ್ಲೇ ಕೂತು ಉಂಡಿತು.

ಶಿವನಂಜಿ ಕೋಣೆಯ ಬಾಗಿಲಿಗೆ ಬಂದಳು. ಇಳಿದುಹೋಗಿದ್ದಾಳೆ. ನಗುತ್ತಿದ್ದಳು, ಕಣ್ಣಲ್ಲಿ ನೀರು. "ಒಬ್ರು ಬಂದ್ರೆ ಸಾಕು ಅಂದಿದ್ನಲ್ಲ..." ಆಮೇಲೆ ಊಟಕ್ಕೆ ಕೂತಳು.

ಮನೆದೇವರ ಹೆಸರೇ ಇಟ್ಟರು, ಪಟ್ಟಲಮ್ಮ. ಹೊನ್ನಯ್ಯ ಬೇಕೆಂದೇ "ಪಟಾಲಮ್ಮ!" ಎಂದು ಕೂಗಿದ. ಪಡೆಯೆಲ್ಲ ಚಪ್ಪಾಳೆ. ಇನ್ನು ಆ ಹೆಸರು ಹೋಗುವುದಿಲ್ಲ.

ಆಶೀರ್ವಾದಕ್ಕೆಂದು ಮಗುವನ್ನು ಮೊದಲು ಸುಬೇದಾರರ ಕೈಗೆ ಕೊಟ್ಟರು. ಕೊಟ್ಟದ್ದೇ ತಪ್ಪಾಯಿತು. ಬಾಗಿಲಿಗೂ ಹಿತ್ತಲಿಗೂ ಎತ್ತಿಕೊಂಡು ತಿರುಗುತ್ತಿದ್ದಾರೆ, ಏನೋ ಪಿಸುಗುಡುತ್ತ. ಹೆತ್ತಪ್ಪ ಇಲ್ಲಿ ಕೈ ತೊಳೆದುಕೊಂಡು ಕಾಯುತ್ತಿದ್ದಾನೆ. ಕೇಳಲು ಧೈರ್ಯವಿಲ್ಲ, ಅದಕ್ಕೇ ಈ ಬರಹ.

ಇತ್ತಲೇ ಬರುತ್ತಿದ್ದಾರೆ. "ತಗಳ್ಲಾ. ಕತ್ತು ಜ್ವಾಪಾನ" ಅಂತ... ಅಯ್ಯೋ, ಈ ಪೆನ್ಸಿಲ್ ಎಲ್ಲಿ ಇಡ—