ಸುಧಾರಿಸಿದ ಮೂಳೆ ಮುರಿದದ್ದು ಹೇಗೆ?

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಮೂಳೆ ಸಾಂದ್ರತೆ ಪರೀಕ್ಷೆಯ ವರದಿಯ ಪ್ರಕಾರ ನನ್ನ ಅತ್ತೆ ಸಣ್ಣತಾಯಮ್ಮನವರ ಮೂಳೆ ಸುಧಾರಿಸಿದೆ. ಹಾಗೆಂದೇ ವಾರಕ್ಕೊಂದು ನುಂಗುತ್ತಿದ್ದ ಮೂಳೆಸವೆತದ ಮಾತ್ರೆಯನ್ನು ನಿಲ್ಲಿಸಲಾಯಿತು. ಕಳೆದ ತಿಂಗಳು, ಕಾಲು ನೀಡಿ ಕೂತು, ನನ್ನ ಎಂಟು ತಿಂಗಳ ಮಗಳಿಗೆ ನೀರು ಹಾಕಿ ಎತ್ತಿಕೊಳ್ಳುವಾಗ ಆ ಸುಧಾರಿಸಿದ ಬೆನ್ನುಮೂಳೆ ಮುರಿಯಿತು. ನೋವಿನಲ್ಲೂ ಅವರು ಮಗುವನ್ನು ಕೈಬಿಡಲಿಲ್ಲ. ಕೈಬಿಟ್ಟಿದ್ದರೆ? ಅಂದಿನಿಂದ ನನಗೆ ನಿದ್ದೆಯಿಲ್ಲ.

ಪರೀಕ್ಷೆಯ ದಿನ ನಿಮ್ಮ ಸಿಬ್ಬಂದಿಯ ಶ್ರದ್ಧೆ ಮೆಚ್ಚಬೇಕಾದ್ದೇ. ಮೈಮೇಲೆ ಲೋಹ ಇರಬಾರದೆಂದು ಓಲೆ, ಬೆಳ್ಳಿ ಉಡಿದಾರ ಬಿಚ್ಚಿಸಿ, ಕೊನೆಗೆ ತಾಳಿಗೂ ಬಂದರು.

"ತಾಳಿನೂ ಬಿಚ್ಚಬೇಕಾ? ನಮ್ ಯಜಮಾನ್ರು ಇನ್ನೂ ಬದ್ಕವ್ರೆ ಕಣವ್ವ!" ಎಂದರು ಅತ್ತೆ. ಬಿಚ್ಚಿ ಕೊಟ್ಟು, ಚೀಲದಿಂದ ಒಂದು ಡಬ್ಬಿ ತೆಗೆದರು. "ಒಂದು ವರ್ಸದಿಂದ ಈ ಗುಳಿಗೆನೂ ನುಂಗ್ತಿವ್ನಿ. ಒಸಿ ನೋಡ್ಬುಡವ್ವ."

"ಅದೆಲ್ಲ ಸೊಸೆ ಕೈಗೆ ಕೊಡಿ ಅಜ್ಜಿ, ಲೇಟಾಗುತ್ತೆ."

ಆ ಡಬ್ಬಿಯಲ್ಲಿದ್ದದ್ದು ಸ್ಟ್ರಾನ್ಷಿಯಂ. ಮೂಳೆಗೆ ಒಳ್ಳೆಯದೆಂದು ನನ್ನ ಮೈದುನ ಆನ್‌ಲೈನಿನಲ್ಲಿ ತರಿಸಿದ್ದು. ಅದೂ ಒಂದು ಲೋಹವೇ, ಸ್ವಾಮಿ. ಕ್ಯಾಲ್ಸಿಯಂ ಇರುವ ಜಾಗದಲ್ಲಿ ಹೋಗಿ ಸೇರುತ್ತದೆ, ಕ್ಯಾಲ್ಸಿಯಂಗಿಂತ ಹೆಚ್ಚು ಎಕ್ಸ್-ರೇ ತಡೆಯುತ್ತದೆ. ಮೂಳೆ ಅಷ್ಟು ಗಟ್ಟಿಯಾಗದಿದ್ದರೂ ಅಂಕಿ ಏರುತ್ತದೆ. ಯಂತ್ರ ತನಗೆ ಕಂಡದ್ದನ್ನು ಹೇಳಿತು, ಅದನ್ನು ದೂರುವುದಿಲ್ಲ. ಮೈಮೇಲಿನ ಲೋಹವನ್ನು ಇಷ್ಟು ಹುಡುಕಿದವರು ಮೂಳೆಯೊಳಗಿನದನ್ನು ಒಂದು ಮಾತು ಕೇಳಬಾರದಿತ್ತೇ? ಬಿ.ಎಸ್ಸಿ. ಓದಿದ ನಾನೂ ಡಬ್ಬಿಯ ಚೀಟಿ ಓದದೆ ದಿನಾ ಮಾತ್ರೆ ಕೊಟ್ಟೆ. ನನ್ನ ತಪ್ಪನ್ನು ಈ ಬಹಿರಂಗ ಪತ್ರದಲ್ಲಿ ಊರೆದುರು ಒಪ್ಪಿಕೊಳ್ಳುತ್ತಿದ್ದೇನೆ. ನಿಮ್ಮದು?

ಮುರಿದ ಮೂಳೆಯ ಎಕ್ಸ್-ರೇ ಹಿಡಿದು ಹೋದರೆ ಕೌಂಟರಿನವರು, "ರಿಪೋರ್ಟ್ ಚೆನ್ನಾಗೈತಲ್ಲಮ್ಮ, ಮಾತ್ರೆ ಯಾಕೆ?" ಎಂದರು. ನಿಮಗೆ ಎರಡು ಅರ್ಜಿ ಬರೆದೆ. "ವರದಿಯಲ್ಲಿ ಲೋಪ ಕಂಡುಬಂದಿಲ್ಲ" ಎಂದು ಉತ್ತರ ಬಂತು. ಹಾಗಾದರೆ ಲೋಪ ಅತ್ತೆಯ ಬೆನ್ನಿನದೇ? ಒಂದು ಮೂಳೆ ಹೋಯಿತು, ಔಷಧವಿಲ್ಲದೆ ಇನ್ನೊಂದು ಯಾವಾಗ ಹೋಗುತ್ತದೋ ಎಂದು ಅವರು ಕೆಮ್ಮಿದರೂ ಬೆಚ್ಚುತ್ತೇನೆ.

ಆ ಅಂಕಿಯನ್ನು ನಂಬಬಾರದೆಂದು ಅವರ ಕಡತದಲ್ಲಿ ಬರೆಯಿಸಿ. ತಜ್ಞರಿಂದ ಮತ್ತೆ ನೋಡಿಸಿ, ಚಿಕಿತ್ಸೆ ಶುರುಮಾಡಿಸಿ. ಪರೀಕ್ಷೆಯ ಅರ್ಜಿಯಲ್ಲಿ "ಮೂಳೆಗೆಂದು ಬೇರೆ ಏನು ನುಂಗುತ್ತೀರಿ?" ಎಂಬ ಒಂದು ಸಾಲು ಸೇರಿಸಿ. ದಯವಿಟ್ಟು ಎಂದು ಎರಡು ಸಲ ಬರೆದಾಗಿದೆ, ಈ ಸಲ ಬರೆಯುವುದಿಲ್ಲ.

ಸೋಮವಾರ ಹತ್ತೂವರೆಗೆ ಅತ್ತೆಯನ್ನು ನಿಮ್ಮ ಕಚೇರಿಗೇ ಕರೆತರುತ್ತೇನೆ. ಅವರಿಗೆ ಹೆಚ್ಚು ಹೊತ್ತು ಕೂರಲಾಗದು, ನಿಮ್ಮ ಕೋಣೆಯ ಮುಂದಿನ ಬೆಂಚಿನ ಮೇಲೆ ಮಲಗುತ್ತಾರೆ. ನಿಮ್ಮ ಸಹಿ ಬೀಳುವವರೆಗೆ ನಾನು ಎಬ್ಬಿಸುವುದಿಲ್ಲ.

ಇಂತಿ,
ನಿಮ್ಮ ಕಚೇರಿಯಲ್ಲಿ ಜಗಳಗಂಟಿಯೆಂದು ಈಗಾಗಲೇ ಹೆಸರಾದ
ಬೃಂದಾ, ಸಾಲಿಗ್ರಾಮ