ಆಫೀಸಿನ ಮೇಡಂಗೆ

ಗುರುವಾರ, ಸಂಜೆ
ಹಿಂದಿನ ಕೋಣೆಯಿಂದ

ಅಮ್ಮ,

ಮೊದಲು 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ನೀನು ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿರುವುದು ಇಲ್ಲಿಗೆ ಕೇಳುತ್ತಿದೆ. ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಎದುರು ನಿಂತು ಜಗಳವಾಡಿದರೆ ನೀನು ಮಧ್ಯದಲ್ಲಿ ಊಟ ಮಾಡಿದ್ಯಾ ಅಂತ ಕೇಳುತ್ತೀಯ, ನನ್ನ ಕೋಪ ಅರ್ಧಕ್ಕೇ ಇಳಿದುಹೋಗುತ್ತದೆ. ಇವತ್ತು ಅದು ಇಳಿಯಕೂಡದು.

ಕುರ್ಚಿ ಮೇಜು ಮಾಡುವ ಕಾರ್ಖಾನೆಯ ಮ್ಯಾನೇಜರಿಗೆ ನೀನು ಫೋನಿನಲ್ಲಿ ಏನೇನು ಹೇಳಿದ್ದೀಯ ಎಂಬುದು ನನಗೆ ಗೊತ್ತಾಯಿತು. ಅವರ ಬಾಯಿಂದಲೇ ಕೇಳಿದೆ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಇದುವರೆಗೆ ತೆಗೆದ ಜಾಹೀರಾತಿನ ವಿಡಿಯೋಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಜೋಡಿಸಿಕೊಂಡು, ಲಿಫ್ಟಿನಲ್ಲಿ ನಮ್ಮ ತಂಡ, ನಮ್ಮ ತಂಡ ಎಂದು ಬಾಯಿಪಾಠ ಮಾಡಿಕೊಳ್ಳುತ್ತಾ ಹೋದೆ. ಅವರು ಕುರ್ಚಿ ಎಳೆದುಕೊಟ್ಟು ಮೊದಲು ಕೇಳಿದ್ದೇ, ತೋಳು ಈಗ ಹೇಗಿದೆ ಅಂತ. ಆಮೇಲೆ ನಿಧಾನವಾಗಿ ಎಲ್ಲ ಹೊರಗೆ ಬಂತು. ಆಫೀಸೂ ಇಲ್ಲ ಏನೂ ಇಲ್ಲ ಸರ್, ನಾನು ಅವಳ ತಾಯಿ ಅಂದೆಯಂತೆ. ಅವಳೊಬ್ಬಳೇ ಎಲ್ಲಾ ಮಾಡೋದು, ಬಲಗೈ ಮೇಲೆ ಎತ್ತೋಕಾಗಲ್ಲ, ನಮ್ಮ ಹತ್ರ ಬಾಯಿ ಬಿಡಲ್ಲ ಅಂದೆಯಂತೆ. ಜೊತೆಗೆ ಇನ್ನೊಬ್ಬರನ್ನ ಇಟ್ಕೋ ಅಂತ ನೀವಾದ್ರೂ ಹೇಳಿ, ನನ್ನ ಮಾತು ಕೇಳಲ್ಲ ನಮ್ಮ ಗುಬ್ಬಿ ಅಂದೆಯಂತೆ.

ಅಮ್ಮ, ಗುಬ್ಬಿ! ವರ್ಷಪೂರ್ತಿ ಕೆಲಸ ಕೊಡಲಿರುವ ಮನುಷ್ಯನಿಗೆ ಆ ಹೆಸರು ಯಾಕೆ ಬೇಕಿತ್ತು? ಪಕ್ಕದಲ್ಲಿ ಕೂತಿದ್ದ ಅಕೌಂಟೆಂಟ್ ತುಟಿ ಕಚ್ಚಿ ನಗು ತಡೆದುಕೊಂಡಳು. ನೆಲ ಬಾಯಿಬಿಟ್ಟಿದ್ದರೆ ಲ್ಯಾಪ್‌ಟಾಪಿನ ಸಮೇತ ಒಳಗೆ ಹೋಗುತ್ತಿದ್ದೆ.

ಆಫೀಸಿನ ಮೇಡಂ ಎಂಬ ನಾಟಕ ಯಾಕೆ ಶುರುವಾಯಿತೆಂದು ನೆನಪಿದೆಯಾ? ಎಲ್ಲಿ ಹೋದರೂ ನೀವೊಬ್ಬರೇನಾ ಎಂದು ಕೇಳಿ, ಹೌದು ಎಂದ ಕೂಡಲೇ ಮುಖ ಸಣ್ಣದು ಮಾಡುತ್ತಿದ್ದರು. ನನ್ನ ಚಿತ್ರ ನೋಡಿ ಮೆಚ್ಚಿದವರೂ ಕೆಲಸವನ್ನು ಬೋರ್ಡು ತೂಗುಹಾಕಿಕೊಂಡ ಸ್ಟುಡಿಯೋದವರಿಗೆ ಕೊಡುತ್ತಿದ್ದರು. ಆಗ ನಿನ್ನ ನಂಬರನ್ನು ಆಫೀಸಿನ ನಂಬರ್ ಮಾಡಿದೆ. ಒಂದೇ ದಿನದಲ್ಲಿ ನೀನು ನನಗಿಂತ ಚೆನ್ನಾಗಿ ಕಲಿತೆ. ಸ್ವಲ್ಪ ಇರಿ, ನಮ್ಮ ಕ್ಯಾಮೆರಾ ವಿಭಾಗವನ್ನ ಕೇಳಿ ಹೇಳ್ತೀನಿ ಅಂತ ಹೇಳಿ, ಫೋನನ್ನು ಸೆರಗಿಗೆ ಒತ್ತಿಕೊಂಡು, ನಾನಿದ್ದ ಸ್ನಾನದ ಮನೆಯ ಬಾಗಿಲು ತಟ್ಟುತ್ತಿದ್ದೆ. ಹಲ್ಲಿನ ಡಾಕ್ಟರು, ಹಾಸಿಗೆ ಅಂಗಡಿಯವರು, ಈಜು ಕಲಿಸುವವರು ಎಲ್ಲರೂ ವಿಡಿಯೋ ಮಾಡಿಸಲು ಬಂದದ್ದು ನಿನ್ನ ದನಿ ಕೇಳಿ. ಅದನ್ನು ನಾನು ಯಾವತ್ತೂ ಇಲ್ಲವೆಂದಿಲ್ಲ.

ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿರುವುದು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕೂದಲು ಬೆಳ್ಳಗಾದವಳು ನೀನು. ಯಾವ ರೋಗಿಗೆ ಏನಾಗಿದೆ ಎಂದು ಹೊರಗಿನವರಿಗೆ ಒಂದಕ್ಷರ ಹೇಳಿದವಳಲ್ಲ. ಚಿಕ್ಕಮ್ಮ ತನ್ನ ಗಂಡನ ವಿಷಯ ಕೇಳಿದಾಗಲೂ, ಡಾಕ್ಟರೇ ಹೇಳ್ಬೇಕು ಅಂತ ಕಡ್ಡಿ ಮುರಿದ ಹಾಗೆ ಹೇಳಿ ಫೋನಿಟ್ಟವಳು. ಚಿಕ್ಕಮ್ಮ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಂಥವಳು ನನ್ನ ತೋಳಿನ ವಿಷಯವನ್ನು, ಮುಖ ನೋಡದ ಮನುಷ್ಯನ ಮುಂದೆ ಹಾಡಿಕೊಂಡಿದ್ದೀಯ. ನಿನ್ನ ರೋಗಿಗಳಿಗೆ ಇದ್ದ ಮರ್ಯಾದೆ ನನಗಿಲ್ಲವೇ?

ಅಷ್ಟಕ್ಕೂ ನನ್ನ ತೋಳಿಗೆ ಏನೂ ಆಗಿಲ್ಲ. ದಿನವಿಡೀ ಕ್ಯಾಮೆರಾ ಹೊತ್ತವರಿಗೆ ಹೆಗಲು ಹಿಡಿದುಕೊಳ್ಳುತ್ತದೆ, ಬಿಡುತ್ತದೆ. ನಿನಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನಂತೂ ಯಾರ ಹತ್ತಿರವೂ ಆಡಿಲ್ಲ.

ಮ್ಯಾನೇಜರು ಒಳ್ಳೆಯ ಮನುಷ್ಯ, ಅದೇ ಇನ್ನೂ ಕಷ್ಟ. ಕೆಲಸ ನಿಮಗೇ ಕೊಡೋಣ ಅಂತಿದೀವಿ, ಆದ್ರೆ ಕ್ಯಾಮೆರಾ ಹಿಡಿಯೋಕೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ, ನಾಳೆಯೊಳಗೆ ಹೇಳಿ, ಇಲ್ಲದಿದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಯಾರೂ ಬೇಡ, ಬೇಕಾದರೆ ಈಗಲೇ ತೋರಿಸುತ್ತೇನೆ ಎಂದು ಎದ್ದೆ. ಕಾರ್ಖಾನೆಯ ಒಳಗೆ ಹೋಗಿ ಕ್ಯಾಮೆರಾ ಹೆಗಲಿಗೇರಿಸಿದೆ. ಒಬ್ಬರು ಯಂತ್ರದಲ್ಲಿ ಕುರ್ಚಿಯ ಕಾಲು ಕಡೆಯುತ್ತಿದ್ದರು, ಮರದ ಸುರುಳಿ ಅವರ ಮುಂಗೈ ಮೇಲೆ ಬೀಳುತ್ತಿತ್ತು. ಅಷ್ಟು ಚೆಂದದ ಬೆಳಕು ನಾನು ಬಹಳ ದಿನದಿಂದ ನೋಡಿರಲಿಲ್ಲ. ಚಿತ್ರ ಚೆನ್ನಾಗಿಯೇ ಬಂತು. ಕೊನೆಯಲ್ಲಿ ಸ್ವಲ್ಪ ಅಲುಗಾಡಿತು, ಯಂತ್ರಗಳ ಅದುರಾಟಕ್ಕೆ ಅಲ್ಲಿ ನೆಲವೇ ನಡುಗುತ್ತಿರುತ್ತದೆ. ಮ್ಯಾನೇಜರು ಪುಟ್ಟ ಪರದೆಯಲ್ಲಿ ನೋಡಿ, ಕುಡಿಯಲು ನೀರು ತರಿಸಿಕೊಟ್ಟರು.

ಇನ್ನೊಬ್ಬರನ್ನು ಇಟ್ಟುಕೋ ಎಂದು ನೀನು ಬಾಯಿ ತೆರೆದರೆ ಹೇಳುತ್ತೀಯ, ಸೊಪ್ಪು ಸೋಸಲು ಜನ ಇಟ್ಟುಕೊಳ್ಳುವ ಹಾಗೆ. ಎಲ್ಲಿ ನಿಲ್ಲಬೇಕು, ಯಾರ ಮುಖ ಯಾವ ಗಳಿಗೆಯಲ್ಲಿ ಸಡಿಲವಾಗುತ್ತದೆ, ಅದು ನನ್ನ ಕಣ್ಣಿಗೆ ಗೊತ್ತು. ಕ್ಯಾಮೆರಾ ಇನ್ನೊಬ್ಬರ ಕೈಗೆ ಹೋದ ಮೇಲೆ ನಾನು ಅಲ್ಲಿ ಏನು ಮಾಡಲಿ? ವಯರು ಸುತ್ತಲೇ? ಬಿಲ್ಲು ಬರೆಯಲೇ? ನನಗೆ ಭಯವಾಗುತ್ತದೆ ಅಮ್ಮ. ಬಿಸಿನೆಸ್ಸು ಬೆಳೆಯಲಿ ಎಂದು ನಾನೂ ಬಾಯಿ ಬಡಿದುಕೊಂಡಿದ್ದೇನೆ, ಆದರೆ ಅದು ಬೆಳೆದು ನನ್ನನ್ನೇ ಹೊರಗೆ ತಳ್ಳಲಿ ಎಂದಲ್ಲ. ಇದನ್ನು ನಿನ್ನ ಮುಂದೆ ಹೇಳಬಹುದಿತ್ತು. ನೀನು ಕೇಳಲಿಲ್ಲ, ಸೀದಾ ಹೋಗಿ ಕಾರ್ಖಾನೆಗೆ ದೂರು ಕೊಟ್ಟೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ ಅವರ ಆಫೀಸು ತೆರೆದ ಕೂಡಲೇ ಫೋನ್ ಮಾಡು. ನಾನು ಹೇಳಿದ್ದು ತಪ್ಪು, ತಾಯಿ ಕರುಳು, ಸುಮ್ಮನೆ ಗಾಬರಿಬಿದ್ದೆ, ಅವಳ ಕೈ ಗಟ್ಟಿಯಾಗಿದೆ ಅಂತ ಹೇಳು. ಆಸ್ಪತ್ರೆಯ ದನಿಯಲ್ಲೇ ಹೇಳು. ಆಮೇಲೆ ಆ ಫೋನನ್ನು ನನ್ನ ಮೇಜಿನ ಮೇಲಿಟ್ಟುಬಿಡು, ಇನ್ನು ಮುಂದೆ ನಾನೇ ಎತ್ತುತ್ತೇನೆ. ಆಫೀಸಿನ ಮೇಡಂಗೆ ಇವತ್ತಿನಿಂದ ಕೆಲಸವಿಲ್ಲ.

ಊಟಕ್ಕೆ ಕರೆಯಬೇಡ. ಹಸಿವಿಲ್ಲ.

ಇಂತಿ,
ನಿನ್ನ ಕ್ಯಾಮೆರಾ ವಿಭಾಗ

ತಾ.ಕ.: ಪತ್ರ ಮಡಿಚಿಟ್ಟು, ಕಾರ್ಖಾನೆಯಲ್ಲಿ ತೆಗೆದದ್ದನ್ನು ದೊಡ್ಡ ಪರದೆಗೆ ಹಾಕಿ ನೋಡಿದೆ. ಕೊನೆಯ ಭಾಗದಲ್ಲಿ ಆ ಕುರ್ಚಿಯ ಕಾಲು ಕಡೆಯುತ್ತಿದ್ದವರು ಯಂತ್ರ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಿದ್ದಾರೆ. ಬೇರೆ ಯಂತ್ರಗಳ ಸದ್ದೂ ಇಲ್ಲ. ಆದರೂ ಚಿತ್ರ ಅಲುಗಾಡುತ್ತಿದೆ. ನಾಳೆ ನೀನು ಫೋನ್ ಮಾಡಬೇಡ, ನಾನೇ ಮಾಡಿ ಜೊತೆಗೊಬ್ಬರು ಬರುತ್ತಾರೆ ಎಂದು ಹೇಳುತ್ತೇನೆ. ನಾನು ಇಷ್ಟು ದಿನ ಜಡೆ ಹಾಕದೆ ಕೂದಲು ಬಿಟ್ಟುಕೊಂಡು ಓಡಾಡಿದ್ದು ಫ್ಯಾಷನ್ನಿಗಲ್ಲ, ಕೈ ಮೇಲೇಳದೆ ಎಂದು ನಿನಗೆ ಯಾವಾಗ ಗೊತ್ತಾಯಿತೋ, ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಬೆಳಿಗ್ಗೆ ಬಾಚಣಿಗೆ ಹಿಡಿದು ಸ್ಟೂಲಿನ ಮೇಲೆ ಬಂದು ಕೂರುತ್ತೇನೆ. ಜಡೆ ಹಾಕಿಕೊಡು. ಕೋಪ ಹಾಗೇ ಇದೆ, ಮಾತಾಡಿಸಬೇಡ.