ವೈಜಿನಾಥನ ಹೊಟ್ಟೆ, ಡಾಕ್ಟರು ಬರುವ ತನಕ

ವೈಜಿನಾಥಾ,

ಈಗಷ್ಟೇ ನಿನಗೆ ನಿದ್ದೆ ಹತ್ತಿದೆ, ಎಬ್ಬಿಸುವುದಿಲ್ಲ. ಡಾಕ್ಟರನ್ನು ಕರೆತರಲು ಬಂಡಿ ಕಟ್ಟಿಸಿಕೊಂಡು ಬೀದರಿಗೆ ಹೋಗುತ್ತಿದ್ದೇನೆ. ಮಧ್ಯಾಹ್ನದೊಳಗೆ ಬರುತ್ತೇನೆ.

ಏನೂ ತಿನ್ನಬೇಡ, ನೀರೂ ಕುಡಿಯಬೇಡ. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೋ.

ಹೈದರಾಬಾದಿನಲ್ಲಿ ಹೊಟ್ಟೆ ಕೊಯ್ದು ಒಂಬತ್ತು ತಿಂಗಳಾಯಿತು. ನಮ್ಮೂರು ಜನವಾಡದವರಿಗೆಲ್ಲ ಅಂಗಿ ಎತ್ತಿ ಹೊಲಿಗೆ ತೋರಿಸಿದ್ದಾಯಿತು. ಉಂಡಾಗಲೆಲ್ಲ ಹೊಟ್ಟೆ ಹಿಂಡುತ್ತದೆಂದು ಅಳುತ್ತೀ, ಔರಾದದ ಮದುವೆಯಲ್ಲಿ ಮೂರು ಸಲ ಹುಗ್ಗಿ ಬಡಿಸಿಕೊಳ್ಳುತ್ತೀ. ನಾಚಿಕೆಯನ್ನೂ ಆ ದಿನ ಕೊಯ್ದು ತೆಗೆದರೇನು?

ಭಾಲ್ಕಿ ಸಂತೆಯಲ್ಲಿ ಬೇರು ಮಾರುವವನು "ಡಾಕ್ಟರ ನಿನ್ನ ಹೊಟ್ಟಿ ಒಳಗ ಆಡಿನ ಕರುಳ ಇಟ್ಟಾನ" ಎಂದನಂತೆ. ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ ನೀನು, ನಂಬಿಬಿಟ್ಟೆ! ಅವನು ಕೊಟ್ಟ ಜುಲಾಬಿನ ಎಣ್ಣೆ ನಿನ್ನ ದಿಂಬಿನ ಕೆಳಗೆ ಸಿಕ್ಕಿತು. ತಿಪ್ಪೆಗೆ ಚೆಲ್ಲಿದ್ದೇನೆ, ಹುಡುಕಬೇಡ. ಬೀದರಿನ ಡಾಕ್ಟರು ನಿನ್ನೆದುರಿಗೇ ಹೇಳಿದ್ದರು: "ಕೊಯ್ದ ಮ್ಯಾಲ ಕರುಳು ಒಂದಕ್ಕೊಂದು ಅಂಟಿಕೊಳ್ತಾವರಿ. ಹೊಟ್ಟಿ ಉಬ್ಬಿ ವಾಂತಿ ಹತ್ತಿದ್ರ ಜುಲಾಬ ಕೊಡಬ್ಯಾಡ್ರಿ, ಜೀವಕ್ಕ ಬರ್ತದ. ನನಗ ಕರೀರಿ."

ನಿನ್ನೆಯಿಂದ ನಾಲ್ಕು ಸಲ ವಾಂತಿಯಾಗಿದೆ, ಹೊಟ್ಟೆ ಹಲಗೆಯಂತೆ ಬಿಗಿದಿದೆ. ಕೇಳಿದರೆ "ವಾಯು ಅದ ಅಕ್ಕಾ, ಸುಮ್ಮ ಕೂಡು" ಅನ್ನುತ್ತೀ. ನೀನೆಂದಿನಿಂದ ಹಕೀಮನಾದೆ?

ಪಕ್ಕದ ಮನೆಯ ಕರೀಮ ಸಾಬರು ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರ ಮುಂದೆ ಗಂಡಸುತನ ತೋರಿಸಲು ಹೋಗಬೇಡ. ನೋವು ಹೆಚ್ಚಾದರೆ ಕೂಗು.

ಇನ್ನೂ ಬೈಯುವುದು ಬಹಳ ಇದೆ, ಬಂದ ಮೇಲೆ ಬೈಯುತ್ತೇನೆ. ಕೇಳಲಿಕ್ಕೆ ಇರು, ತಮ್ಮಾ.

ಗುರಮ್ಮ